ಸೋದರಳಿಯ ಹಿಡಿದ ಕ್ಯಾಮೆರಾ

2024ರ ಆಗಸ್ಟ್ 24, ಶನಿವಾರ, ಬೆಳಗ್ಗೆ 6 ಗಂಟೆ 40 ನಿಮಿಷಕ್ಕೆ ನಾನೂ ನನ್ನ ಓರಗಿತ್ತಿ ಬಾತ್ಮಾ ಅಕ್ಕನೂ ಬಿಷ್ಕೆಕ್‌ನ ಹಳೆ ಸಾಮಾನಿನ ಸಂತೆಯ ಬಾಗಿಲಲ್ಲಿ ವ್ಯಾನಿನಿಂದ ಇಳಿದೆವು. ನನ್ನ ಬೆನ್ನುಚೀಲದಲ್ಲಿ ಒಂದು ಸತ್ತ ಕ್ಯಾಮೆರಾ, ಒಂದು ಲ್ಯಾಪ್‌ಟಾಪು, ರಟ್ಟಿಗೆ ಅಂಟಿಸಿದ ಕಪ್ಪುಬಿಳುಪು ಚೌಕುಳಿ ಹಾಳೆ ಮತ್ತು ಒಂದು ಅಳತೆಪಟ್ಟಿ ಇದ್ದವು. ಅಕ್ಕನ ಚೀಲದಲ್ಲಿ ರಾತ್ರಿ ಕರಿದಿಟ್ಟ ಹಿಟ್ಟಿನುಂಡೆ ಬೊರ್ಸೊಕ್ ಇತ್ತು.

"ಸಂತೆಗೆ ಬರೋರು ಖಾಲಿ ಚೀಲ ತರ್ತಾರೆ," ಅಂದರು ಅಕ್ಕ. "ನೀನು ತುಂಬ್ಕೊಂಡು ಬಂದಿದೀಯ. ಕೊಳ್ಳೋಕೆ ಬಂದ್ಯೋ, ಮಾರೋಕೋ?"

"ಪರೀಕ್ಷೆ ಮಾಡೋಕೆ ಬೇಕು ಅಕ್ಕ."

"ಸರಿ. ಪರೀಕ್ಷೆ ನಿಂದು, ಚೌಕಾಸಿ ನಂದು. ನಾನು ಮಾತಾಡೋವಾಗ ಬಾಯಿ ಹಾಕ್ಬೇಡ ನೂರ್‌ಜಾತ್. ನೀನು ಬಾಯಿ ತೆಗೆದ್ರೆ ನಿಜ ಬರುತ್ತೆ, ನಿಜ ಬಂದ್ರೆ ರೇಟು ಏರುತ್ತೆ."

ನಾನು ಹಿಮನದಿಗಳನ್ನು ಅಳೆಯುವ ಕೆಲಸದವಳು. ಬೋಜ್-ತೋರ್ ಎಂಬ ಚಿಕ್ಕ ಹಿಮನದಿಯೊಂದು ನನ್ನ ಪಾಲಿಗೆ ಬಂದಿದೆ. ಅದರ ಮೂತಿಯ ಹತ್ತಿರ ಹೋಗಿ ಟೇಪು ಹಿಡಿಯುವಂತಿಲ್ಲ. ಮೇಲಿನಿಂದ ಹಗಲೆಲ್ಲ ಕಲ್ಲು ಉರುಳುತ್ತಿರುತ್ತದೆ. ಹಾಗಾಗಿ 2009ರಿಂದ ಪ್ರತಿ ಆಗಸ್ಟಿನ ಕೊನೆಯ ವಾರ, ಎದುರು ದಡದ ಒಂದು ಬಂಡೆಯ ಮೇಲೆ ನಿಂತು, ಒಂದೇ ಕ್ಯಾಮೆರಾದಿಂದ ಒಂದು ಫೋಟೊ ತೆಗೆಯುತ್ತೇನೆ. ಪಕ್ಕದ ಕಡಿದಾದ ಬಂಡೆಗಳ ಮೇಲೆ ಬಣ್ಣದ ಗುರುತುಗಳಿವೆ. ಅವುಗಳ ಸ್ಥಾನ ನನಗೆ ಸೆಂಟಿಮೀಟರಿನಷ್ಟು ಖಚಿತವಾಗಿ ಗೊತ್ತು. ಫೋಟೊದಲ್ಲಿ ಆ ಗುರುತುಗಳಿಂದ ಹಿಮದ ಅಂಚಿಗೆ ಎಷ್ಟು ಚುಕ್ಕೆ, ಅಂದರೆ ಪಿಕ್ಸೆಲ್, ಎಂದು ಎಣಿಸಿದರೆ ಆ ವರ್ಷ ನದಿ ಎಷ್ಟು ಹಿಂದೆ ಸರಿಯಿತು ಎಂಬುದು ಸಿಗುತ್ತದೆ. ಒಂದು ಚುಕ್ಕೆ ಎಂದರೆ ಅಲ್ಲಿ ಹನ್ನೊಂದು ಸೆಂಟಿಮೀಟರು. ಹದಿನೈದು ವರ್ಷ, ಹದಿನೈದು ಫೋಟೊ.

ಮೊಬೈಲಿನಲ್ಲಿ ತೆಗೆಯಬಾರದೇ ಎಂದು ಎಲ್ಲರೂ ಕೇಳುತ್ತಾರೆ. ಮೊಬೈಲು ಬಾಗಿದ ಗೆರೆಗಳನ್ನು ತನ್ನಷ್ಟಕ್ಕೆ ತಾನೇ ನೇರ ಮಾಡಿಬಿಡುತ್ತದೆ. ಮಾಡಲಿ, ಬೇಡ ಅನ್ನುವುದಿಲ್ಲ. ಎಷ್ಟು ಮಾಡಿದೆ ಎಂದು ಹೇಳುವುದಿಲ್ಲವಲ್ಲ, ಅದು ನನ್ನ ತಕರಾರು. ನನ್ನ ಹಳೆಯ ಹತ್ತು ಮೆಗಾಪಿಕ್ಸೆಲ್ ಡಬ್ಬಿಗೆ ಅಷ್ಟು ಬುದ್ಧಿ ಇರಲಿಲ್ಲ. ಅದು ಗೆರೆಯನ್ನು ಬಾಗಿಸುತ್ತಿತ್ತು, ಆದರೆ ಹದಿನೈದು ವರ್ಷವೂ ಅಷ್ಟೇ ಬಾಗಿಸುತ್ತಿತ್ತು.

ಆ ಡಬ್ಬಿಯನ್ನು ಜುಲೈನಲ್ಲಿ ಕೊಂದವಳು ನಾನೇ. ಮೇಲಿನ ಹುಲ್ಲುಗಾವಲಿನಲ್ಲಿ ಕುದುರೆ ಕಾಯುವವರ ಗುಡಾರದಾಕೆ ಎರಡು ಲೀಟರು ಕುಮಿಸ್ ತುಂಬಿ ಕೊಟ್ಟಿದ್ದಳು. "ಹಾಲಿನ್ನೂ ಹುಳಿ ಬರ್ತಾ ಇದೆ, ಮುಚ್ಚಳ ಸಡಿಲ ಬಿಡಿ," ಎಂದು ಎರಡು ಸಲ ಹೇಳಿದ್ದಳು. ಚೀಲಕ್ಕೆ ಚೆಲ್ಲೀತು ಎಂದು ನಾನು ಬಿಗಿಯಾಗಿ ತಿರುಗಿಸಿದೆ. ಅನಿಲಗಳ ಒತ್ತಡದ ಬಗ್ಗೆ ಮೂರು ವರ್ಷ ಪಾಠ ಮಾಡಿದವಳು ನಾನು. ಕುದುರೆ ಹಾಲನ್ನು ಬೆನ್ನ ಮೇಲೆ ಕುಲುಕುತ್ತ ಆರುನೂರು ಮೀಟರು ಮೇಲೆ ಹತ್ತಿದೆ. 3,540 ಮೀಟರ್ ಎತ್ತರದಲ್ಲಿ ಬಾಟಲಿ ಢಬ್ಬೆಂದಿತು. ಜೊತೆಗಿದ್ದವರು ಕಲ್ಲು ಉರುಳಿತೆಂದು ನೆಲಕ್ಕೆ ಬಿದ್ದರು. ನನ್ನ ಕುತ್ತಿಗೆಯಿಂದ ಹಿಮ್ಮಡಿಯವರೆಗೆ ಹುಳಿಹಾಲು ಇಳಿಯಿತು. ಕ್ಯಾಮೆರಾ ಆಮೇಲೆ ಕಣ್ಣು ತೆರೆಯಲಿಲ್ಲ.

ನಮ್ಮ ನಿರ್ದೇಶಕರು ಬೈಯಲಿಲ್ಲ, ನಕ್ಕರು. ನಕ್ಕಾದ ಮೇಲೆ, "ಮೊದಲ ಹಿಮ ಬೀಳೋದ್ರೊಳಗೆ ಅದೇ ಬಗೆ ಕ್ಯಾಮೆರಾದಲ್ಲಿ ಫೋಟೊ ಬಂದ್ರೆ ಸರಿ ನೂರ್‌ಜಾತ್. ಬರದಿದ್ರೆ ಬೋಜ್-ತೋರ್ ಸರಣಿಗೆ ಹದಿನೈದಕ್ಕೇ ಮಂಗಳ. ಮುಂದಿನ ವರ್ಷದಿಂದ ಡ್ರೋನು, ಬೇರೆ ನದಿ," ಅಂದರು. ಹಿಮ ಸೆಪ್ಟೆಂಬರಿನ ಮೊದಲ ದಿನಗಳಲ್ಲಿ ಬಿದ್ದುಬಿಡುತ್ತದೆ. ಜೀಪು ಭಾನುವಾರ ಬೆಳಗ್ಗೆ ಏಳಕ್ಕೆ ಹೊರಡಬೇಕಿತ್ತು. ಅಂದರೆ ನನಗೆ ಉಳಿದಿದ್ದು ಈ ಒಂದು ಸಂತೆ.

ಎರಡು ವರ್ಷದ ಹಿಂದೆ ಇಂಥ ಕ್ಯಾಮೆರಾಗಳನ್ನು ಆಲೂಗೆಡ್ಡೆಯ ಹಾಗೆ ರಾಶಿ ಹಾಕಿ ಮಾರುತ್ತಿದ್ದರು. ಈಗ ಹದಿನೆಂಟರ ಹುಡುಗಿಯರು ಇವುಗಳ ಹಿಂದೆ ಬಿದ್ದಿದ್ದಾರೆ. ಫೋಟೊ ಸ್ವಲ್ಪ ಮಬ್ಬಾಗಿ, ಮುಖ ಸ್ವಲ್ಪ ಬೆಳ್ಳಗೆ ಬಂದರೆ "ಹಳೇ ಕಾಲದ ಥರ ಇದೆ" ಎಂದು ಖುಷಿಪಡುತ್ತಾರೆ. ಸಮೋವಾರುಗಳು, ಪದಕಗಳು, ಒಂಟಿ ಹಿಮಪಾದುಕೆಗಳು, ಗೊಂಬೆಯ ಕೈಕಾಲುಗಳನ್ನೆಲ್ಲ ದಾಟುತ್ತ ಎರಡು ಸಾಲು ಹುಡುಕಿದೆವು. ಮೂರನೆಯ ಸಾಲಿನ ಕೊನೆಯಲ್ಲಿ ಕಂಬಳಿ ಹಾಸಿ ಕೂತಿದ್ದ ಒಬ್ಬ ಹಿರಿಯರ ಮುಂದೆ ನನ್ನ ಡಬ್ಬಿಯ ಒಡಹುಟ್ಟು ಇತ್ತು. ಅದೇ ಬೆಳ್ಳಿ ಬಣ್ಣ, ಅದೇ ಗುಂಡನೆಯ ಮೂಲೆಗಳು.

ಹಿರಿಯರ ತಲೆಯ ಮೇಲೆ ಬಿಳಿ ಕಲ್ಪಾಕ್ ಟೋಪಿ, ಹಣೆಯ ಮೇಲೆ ಗಡಿಯಾರದವರ ಭೂತಗನ್ನಡಿ. ಹೆಸರು ಶಾರ್‌ಶೆನ್, ವಯಸ್ಸು ಅರವತ್ತೆಂಟು. ಒಂದು ಕಾಲದಲ್ಲಿ ಉಪಕರಣಗಳ ಕಾರ್ಖಾನೆಯಲ್ಲಿ ಕೆಲಸ ಮಾಡಿದವರು ಎಂದು ಆಮೇಲೆ ತಿಳಿಯಿತು.

"ಯಜಮಾನ್ರೇ, ನೋಡಬಹುದಾ?" ಅಂದೆ.

"ಧಾರಾಳವಾಗಿ ನೋಡಿ ತಾಯಿ."

ನಾನು ಅವರ ಸ್ಟೂಲಿಗೆ ಚೌಕುಳಿ ಹಾಳೆ ಒರಗಿಸಿದೆ. ಅಳತೆಪಟ್ಟಿ ಬಿಚ್ಚಿ ಸರಿಯಾಗಿ ಒಂದು ಮೀಟರು ದೂರಕ್ಕೆ ಕುಕ್ಕರಗಾಲಲ್ಲಿ ಕೂತೆ. ಫೋಟೊ ತೆಗೆದೆ. ಲ್ಯಾಪ್‌ಟಾಪನ್ನು ತೊಡೆಯ ಮೇಲಿಟ್ಟು ಮೂಲೆಯ ಗೆರೆ ಎಷ್ಟು ಬಾಗಿದೆ ಎಂದು ಎಣಿಸಿದೆ. ಪಕ್ಕದ ಅಂಗಡಿಯವರು ವ್ಯಾಪಾರ ಬಿಟ್ಟು ಸುತ್ತ ನಿಂತರು.

"ಈಯಮ್ಮ ಪೊಲೀಸಾ?" ಎಂದು ಒಬ್ಬ ಕೇಳಿದ.

"ದರ್ಜಿ ಇರ್ಬೇಕು," ಎಂದ ಇನ್ನೊಬ್ಬ. "ಕ್ಯಾಮೆರಾಕ್ಕೆ ಅಂಗಿ ಹೊಲೀತಾಳೆ."

ನನ್ನ ಹಳೆಯದರಲ್ಲಿ ಆ ಬಾಗು ಇಪ್ಪತ್ತೊಂದು ಚುಕ್ಕೆ. ಇದರಲ್ಲಿ ಇಪ್ಪತ್ತೇಳು. ಒಂದೇ ಕಾರ್ಖಾನೆ, ಒಂದೇ ಅಚ್ಚು. ಆದರೂ ಅವಳಿಗಳ ಬೆರಳಚ್ಚು ಬೇರೆ ಇರುವ ಹಾಗೆ ಗಾಜುಗಳೂ ಬೇರೆ. ಆರು ಚುಕ್ಕೆಯ ವ್ಯತ್ಯಾಸವನ್ನು ಲೆಕ್ಕದಲ್ಲಿ ತಿದ್ದಬಹುದು; ದೋಷದ ಮಿತಿ ಹಿಗ್ಗುತ್ತದೆ, ಸರಣಿ ಮಾತ್ರ ಉಳಿಯುತ್ತದೆ. ಅಕ್ಕ ಕಣ್ಣಲ್ಲೇ ಬೇಡ ಬೇಡ ಅನ್ನುತ್ತಿದ್ದರೂ ನನ್ನ ಬಾಯಿಂದ ಬಂದೇಬಿಟ್ಟಿತು: "ತುಂಬ ಚೆನ್ನಾಗಿದೆ. ನನಗೆ ಬೇಕಾಗಿದ್ದು ಇದೇ."

ಅಕ್ಕ ಹಣೆ ಚಚ್ಚಿಕೊಂಡರು.

"ಚೆನ್ನಾಗೇ ಇದೆ," ಅಂದರು ಶಾರ್‌ಶೆನ್. "ಆದ್ರೆ ಇದು ಬೇರೆಯವರಿಗೆ ಮಾತು ಕೊಟ್ಟಿರೋದು. ಒಂಬತ್ತಕ್ಕೆ ಒಂದು ಹುಡುಗಿ ಬರುತ್ತೆ."

"ಮತ್ತೆ ಇಷ್ಟೊತ್ತೂ ಯಾಕೆ ಸುಮ್ಮನಿದ್ರಿ?" ಎಂದು ಅಕ್ಕ ಸೊಂಟಕ್ಕೆ ಕೈಯಿಟ್ಟರು.

"ನೋಡಬಹುದಾ ಅಂದ್ರು, ನೋಡಿ ಅಂದೆ. ಕೊಳ್ಳಬಹುದಾ ಅಂತ ಕೇಳ್ಲಿಲ್ವಲ್ಲ. ಅಲ್ದೆ ಕ್ಯಾಮೆರಾಕ್ಕೆ ಅಳತೆ ತಗೊಳ್ಳೋದನ್ನ ನಾನು ಯಾವತ್ತೂ ನೋಡಿರ್ಲಿಲ್ಲ."

ಬೇರೆ ಊರಿನವರಾದರೆ ಇಲ್ಲಿ ಹೆಚ್ಚಿನ ಬೆಲೆ ಹೇಳುತ್ತಿದ್ದರೇನೋ. ಬಾತ್ಮಾ ಅಕ್ಕ ನಮ್ಮ ಜನ ಯಾವಾಗಲೂ ಮಾಡುವುದನ್ನೇ ಮಾಡಿದರು. ಕಂಬಳಿಯ ಅಂಚಿನಲ್ಲಿ ಕೂತು, ಬೊರ್ಸೊಕ್ ಪೊಟ್ಟಣ ಬಿಚ್ಚಿ, ಮೆತ್ತಗೆ ಕೇಳಿದರು: "ಅಣ್ಣಾ, ತಾವು ಯಾವ ಕುಲದೋರು?"

"ನಾನು ಸೊಲ್ತೊ. ಇಲ್ಲೇ ಚೂಯ್ ಕಣಿವೆ. ನಮ್ಮಮ್ಮ ಸಾಯಾಕ್ ಕುಲದೋಳು, ಜುಮ್‌ಗಾಲ್ ಕಡೆ."

"ಅಯ್ಯಯ್ಯೋ!" ಅಕ್ಕ ಎರಡೂ ಕೈ ಎತ್ತಿಬಿಟ್ಟರು. "ನಮ್ಮ ನೂರ್‌ಜಾತ್ ಸಾಯಾಕ್! ಹುಟ್ಟಿದ್ದೇ ಜುಮ್‌ಗಾಲಲ್ಲಿ! ನೋಡಿ ಅಣ್ಣ, ಸ್ವಂತ ರಕ್ತ! ಸ್ವಂತದವಳನ್ನ ಬರಿಗೈಲಿ ಕಳಿಸ್ತೀರಾ?"

ಶಾರ್‌ಶೆನ್ ಭೂತಗನ್ನಡಿಯನ್ನು ಹಣೆಯಿಂದ ತೆಗೆದರು. ನನ್ನ ಅಪ್ಪ, ಅಜ್ಜ, ಮುತ್ತಜ್ಜಂದಿರ ಹೆಸರು ಕೇಳಿದರು. ನಾನು ಏಳು ತಲೆಮಾರು ಒಪ್ಪಿಸಿದೆ. ನಮ್ಮಲ್ಲಿ ಇದನ್ನು ಮಗ್ಗಿಗಿಂತ ಮೊದಲು ಕಲಿಸುತ್ತಾರೆ. ಅವರು ತಮ್ಮ ತಾಯಿಯ ಕಡೆಯವರನ್ನು ಬೆರಳು ಮಡಚುತ್ತ ಎಣಿಸಿದರು. ಐದನೆಯ ಬೆರಳಿಗೆ ಇಬ್ಬರ ಹೆಸರೂ ಕೂಡಿತು. ಅವರ ಮುಖ ಕುಲುಮೆಯ ಹಾಗೆ ಹೊಳೆಯಿತು.

"ಹಾಗಾದ್ರೆ ಇವರು ನಮ್ಮಮ್ಮನಿಗೆ ತಂಗಿ ವರಸೆ! ನಾನು ಇವರ ಕುಲಕ್ಕೇ ಸೋದರಳಿಯ!" ಎನ್ನುತ್ತ ಎದ್ದು ನಿಂತು, ಟೋಪಿ ಸರಿಮಾಡಿಕೊಂಡು, ನರೆತ ಗಡ್ಡದ ಆ ಮನುಷ್ಯ ನಲವತ್ತಾರರ ನನ್ನ ಎರಡೂ ಕೈ ಹಿಡಿದುಕೊಂಡರು. "ಚಿಕ್ಕಮ್ಮಾ! ಎಲ್ಲಿದ್ರಿ ಇಷ್ಟು ವರ್ಷ?"

ಅಕ್ಕನ ಬಾಯಲ್ಲಿದ್ದ ಬೊರ್ಸೊಕ್ ಅಲ್ಲೇ ನಿಂತಿತು. ಅವರು ಲೆಕ್ಕ ತಪ್ಪಿದ್ದರು. ನೆಂಟಸ್ತಿಕೆ ಇದೆಯೇ ಎಂದು ಕೇಳಿದ್ದರು, ಯಾವ ದಿಕ್ಕಿನಿಂದ ಎಂದು ಕೇಳಿರಲಿಲ್ಲ. ನನ್ನ ತಾಯಿ ಈ ಹಿರಿಯರ ಕುಲದವಳಾಗಿದ್ದರೆ ಕೇಳುವ ಹಕ್ಕು ನಮ್ಮದಾಗುತ್ತಿತ್ತು. ಸೋದರಳಿಯ ಅವರಾದರೆ ಕೇಳುವುದು ಅವರು, ಕೊಡಬೇಕಾದವರು ನಾವು. ಸೋದರಳಿಯ ತಾಯಿಯ ತವರಿಗೆ ಬಂದು ಮೂರು ಸಲ ಏನು ಹಿಡಿದರೂ ಇಲ್ಲ ಅನ್ನುವಂತಿಲ್ಲ. ಕುದುರೆ ಹಿಡಿದರೂ ಅಷ್ಟೆ, ಬಂದೂಕು ಹಿಡಿದರೂ ಅಷ್ಟೆ.

"ಸೋದರಳಿಯ ಬರೋದಕ್ಕಿಂತ ಏಳು ತೋಳ ಬರ್ಲಿ ಅಂತ ಹಿರಿಯರು ಸುಮ್ನೆ ಹೇಳಿದ್ರಾ?" ಅಕ್ಕ ನನ್ನ ಕಿವಿಯಲ್ಲಿ ಗೊಣಗಿದರು. "ನಾನೇ ಹೋಗಿ ತೋಳಕ್ಕೆ ಬಾಗಿಲು ತೆಗೆದೆ ಕಣೇ."

"ಕೇಳಿಸ್ತು," ಅಂದರು ಶಾರ್‌ಶೆನ್ ನಗುತ್ತ. "ಹೆದರ್ಬೇಡಿ, ಈ ತೋಳಕ್ಕೆ ಹಲ್ಲಿಲ್ಲ. ಮೊದಲನೇದು ಕೇಳ್ತೀನಿ: ಚಿಕ್ಕಮ್ಮ ನನ್ನ ಕಂಬಳಿ ಮೇಲೆ ಕೂತು ಚಾ ಕುಡೀಬೇಕು."

ಕೂತು ಕುಡಿದೆವು. ಕುದುರೆಗಳ ಬಗ್ಗೆ, ಜುಮ್‌ಗಾಲಿನ ಗಾಳಿಯ ಬಗ್ಗೆ, ಅವರ ತಾಯಿಯ ಕೈರುಚಿಯ ಬಗ್ಗೆ ಮಾತಾಯಿತು. ನನ್ನ ಹಿಮನದಿಯ ಕಥೆಯನ್ನೂ, ಭಾನುವಾರದ ಜೀಪಿನ ವಿಷಯವನ್ನೂ ಹೇಳಿದೆ. ಕುಮಿಸ್ ಸಿಡಿದದ್ದಕ್ಕೆ ಅವರು ಕಣ್ಣೀರು ಬರುವಷ್ಟು ನಕ್ಕರು. ಆದರೆ ಕ್ಯಾಮೆರಾದ ಮೇಲೆ ಕೈಯಿಟ್ಟು ತಲೆಯಾಡಿಸಿದರು. "ಚಿಕ್ಕಮ್ಮ, ಪ್ರಾಣ ಕೇಳಿ ಕೊಡ್ತೀನಿ. ಕೊಟ್ಟ ಮಾತು ಹೇಗೆ ಕೊಡ್ಲಿ? ಅದು ಆಗ್ಲೇ ನಂದಲ್ಲ."

ಒಂಬತ್ತಕ್ಕೆ ಮೂರು ನಿಮಿಷ ಮೊದಲೇ ಹುಡುಗಿ ಬಂದಳು. ಬೆಗಿಮಾಯ್ ಅಂತೆ, ಹತ್ತೊಂಬತ್ತು ವರ್ಷ, ಕೆನ್ನೆಯ ತುಂಬ ಮಿನುಗುಪುಡಿ. ಮುಂದಿನ ವಾರ ಅವಳ ಅಕ್ಕನ ಮದುವೆ. "2008ರ ಥರ ಫೋಟೊ ಬೇಕು," ಅಂದಳು. ಇತಿಹಾಸಪೂರ್ವ ಕಾಲದ ಬಗ್ಗೆ ಮಾತನಾಡುವ ಹಾಗಿತ್ತು ಧ್ವನಿ.

ಬಾತ್ಮಾ ಅಕ್ಕ ಅವಳನ್ನು ಪಕ್ಕಕ್ಕೆ ಕೂರಿಸಿಕೊಂಡರು. "ಪುಟ್ಟೀ, ಇವಳು ವಿಜ್ಞಾನಿ. ಈ ಕ್ಯಾಮೆರಾ ಇಲ್ದಿದ್ರೆ ಇವಳ ಹದಿನೈದು ವರ್ಷದ ಕೆಲಸ ನಿಂತುಹೋಗುತ್ತೆ. ನಿಂಗೆ ಇಂಥವು ನೂರು ಸಿಗುತ್ತೆ."

"ನೂರು ಸಿಗಲ್ಲ ಅಕ್ಕಾವ್ರೇ, ನಾನು ಆರು ವಾರದಿಂದ ಹುಡುಕ್ತಿದೀನಿ. ನಿಮ್ಮ ಹಿಮನದಿ ಮುಂದಿನ ವರ್ಷನೂ ಇರುತ್ತೆ. ನಮ್ಮಕ್ಕನಿಗೆ ಇನ್ನೊಂದು ಮದುವೆ ಆಗಲ್ಲ."

"ಎರಡರ ಬಗ್ಗೇನೂ ಅಷ್ಟು ಗ್ಯಾರಂಟಿ ಕೊಡ್ಬೇಡಮ್ಮ," ಅಂದರು ಅಕ್ಕ.

ಹುಡುಗಿ ನಕ್ಕಳು, ಆದರೆ ಬಗ್ಗಲಿಲ್ಲ. ತಪ್ಪೇನಿಲ್ಲ, ಅವಳು ಮೊದಲು ಬಂದವಳು. ಅವಳು ದುಡ್ಡು ಕೊಟ್ಟು ಕ್ಯಾಮೆರಾ ಕೈಗೆ ತೆಗೆದುಕೊಂಡಾಗ ನಾನೇ ಅದರ ಸ್ವಯಂಚಾಲಿತ ಗುಂಡಿ ಎಲ್ಲಿದೆ ಎಂದು ತೋರಿಸಿಕೊಟ್ಟೆ. ಆಮೇಲೆ ಚೌಕುಳಿ ಹಾಳೆ ಮಡಚತೊಡಗಿದೆ. ಅಕ್ಕ ಉಳಿದ ಬೊರ್ಸೊಕ್ ಪೊಟ್ಟಣ ಕಟ್ಟಿದರು. ಹದಿನೈದು ಬಿಂದುಗಳ ಗೆರೆ ಒಳ್ಳೆಯ ಗೆರೆಯೇ, ಆದರೆ ಅದು ಈಗಲೇ ನಿಲ್ಲಬೇಕಾದ ಗೆರೆಯಲ್ಲ.

ಲ್ಯಾಪ್‌ಟಾಪು ಒಳಗಿಡುವಾಗ ಚೀಲದಿಂದ ಸತ್ತ ಕ್ಯಾಮೆರಾ ಉರುಳಿ ಕಂಬಳಿಯ ಮೇಲೆ ಬಿತ್ತು. ಶಾರ್‌ಶೆನ್ ಎತ್ತಿಕೊಂಡರು, ಮೂಸಿದರು.

"ಇನ್ನೂ ಹುಳಿವಾಸನೆ ಇದೆ. ಚಿಕ್ಕಮ್ಮ, ಎರಡನೇದು ಕೇಳ್ತೀನಿ. ಇದನ್ನ ನಂಗೆ ಕೊಡಿ."

ನಾನು ಬೆಚ್ಚಿಬಿದ್ದೆ. ಅದರಿಂದ ಈಗ ಮೂರು ಕಾಸಿನ ಪ್ರಯೋಜನವಿರಲಿಲ್ಲ. ಆಫೀಸಿನವರೂ ಗುಜರಿ ಎಂದು ಬರೆದು ನನಗೇ ಬಿಟ್ಟಿದ್ದರು. ಆದರೂ ಹದಿನೈದು ಆಗಸ್ಟುಗಳಲ್ಲಿ ನನ್ನ ಕೆನ್ನೆಗೆ ಒತ್ತಿ ಹಿಡಿದ ವಸ್ತು ಅದು.

"ಇದ್ಯಾಕೆ ನಿಮಗೆ?"

"ಸೋದರಳಿಯನ್ನ ಯಾಕೆ ಅಂತ ಕೇಳೋ ಹಾಗಿಲ್ಲ."

"ಬೇಡ ಅಂದ್ಬಿಡ್ಲಾ ಅಕ್ಕ?" ಎಂದು ಪಿಸುಗುಟ್ಟಿದೆ.

"ಹುಚ್ಚು ಹಿಡಿದಿದ್ಯಾ? ಸೋದರಳಿಯನ ಮನಸ್ಸು ನೋಯಿಸಿದ್ರೆ ಕೈ ನಡುಗೋಕೆ ಶುರುವಾಗುತ್ತಂತೆ. ನಡುಗೋ ಕೈಲಿ ಯಾವ ಫೋಟೊ ತೆಗೀತೀಯ?"

ಕೊಟ್ಟೆ. ಅವರು ಭೂತಗನ್ನಡಿ ಕಣ್ಣಿಗಿಳಿಸಿ, ಅಕ್ಕಿಕಾಳಿಗಿಂತ ಚಿಕ್ಕ ತಿರುಪುಗಳನ್ನು ಬಿಚ್ಚಿ ಚಾ ತಟ್ಟೆಯಲ್ಲಿ ಸಾಲಾಗಿ ಇಟ್ಟರು. ಬೆಗಿಮಾಯ್ ಹೋಗದೆ ಕುತ್ತಿಗೆ ಚಾಚಿ ನೋಡುತ್ತಿದ್ದಳು. ಹಿಂಬದಿಯ ಮುಚ್ಚಳ ತೆಗೆದಾಗ ಒಳಗೆಲ್ಲ ಹಳದಿ ಹೊಪ್ಪಳೆ.

"ಮಿದುಳು ಸತ್ತಿದೆ," ಅಂದರು. ಒಳಗಿನ ಹಸಿರು ಸರ್ಕ್ಯೂಟು ಹಲಗೆಯ ಒಂದು ಮೂಲೆ ತುಕ್ಕು ತಿಂದಿತ್ತು. ಆಮೇಲೆ ಗಾಜಿನ ಕೊಳವೆಯನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. "ಕಣ್ಣಿಗೆ ಏನೂ ಆಗಿಲ್ಲ. ಒಂದು ತೊಟ್ಟೂ ಒಳಗೆ ಹೋಗಿಲ್ಲ."

ಅವರ ಬೆನ್ನ ಹಿಂದೆ ಒಂದು ಮರದ ಪೆಟ್ಟಿಗೆ ಇತ್ತು, ಕೆಟ್ಟ ಸಾಮಾನಿನದು. ಅದನ್ನು ಕೆದಕಿ ಇನ್ನೊಂದು ಬೆಳ್ಳಿ ಬಣ್ಣದ ಡಬ್ಬಿ ತೆಗೆದರು. ಅದೇ ಬಗೆ. ಗುಂಡಿ ಒತ್ತಿದರೆ ಪರದೆ ಬೆಳಗಿತು, ಕೊಳವೆ ಮಾತ್ರ ಕರಕರ ಎಂದು ಅರ್ಧಕ್ಕೆ ಸಿಕ್ಕಿಕೊಂಡಿತು.

"ಇದು ಇಸ್ಸಿಕ್-ಕೂಲ್ ಸರೋವರದ ಮರಳು ತಿಂದಿದೆ. ಮಿದುಳು ಚುರುಕು, ಕಣ್ಣು ಕುರುಡು. ಇದರ ಮಿದುಳು, ನಿಮ್ಮದರ ಕಣ್ಣು. ಎರಡು ಹೆಣದಿಂದ ಒಂದು ಜೀವ ಮಾಡಿದ್ರೆ ಇಂಥ ಹುಡುಗಿಯರು ಓಡೋಡಿ ಬಂದು ಕೊಳ್ತಾರೆ. ಅದಕ್ಕೇ ಕೇಳ್ದೆ."

ನನಗೆ ಆಗ ಹೊಳೆಯಿತು. ಇಂಥ ಚಿಕ್ಕ ಕ್ಯಾಮೆರಾಗಳಲ್ಲಿ ಚಿತ್ರ ಹಿಡಿಯುವ ತುಂಡನ್ನು ಗಾಜಿನ ಕೊಳವೆಯ ಹಿಂಬದಿಗೇ ತಿರುಪು ಹಾಕಿ ಕೂರಿಸಿರುತ್ತಾರೆ. ಎರಡನ್ನೂ ಬಿಡಿಸದೆ ಇಡಿಯಾಗಿ ತೆಗೆದು ಇನ್ನೊಂದು ಡಬ್ಬಿಗೆ ಸೇರಿಸಿದರೆ ನನ್ನ ಕ್ಯಾಮೆರಾ ಬದುಕುತ್ತದೆ. ಬಹಳ ಹೋಲುವ ಇನ್ನೊಂದಲ್ಲ, ಅದೇ. ಗೆರೆಯನ್ನು ಬಾಗಿಸುತ್ತಿದ್ದದ್ದು ಡಬ್ಬಿಯಲ್ಲ, ಈ ಕಣ್ಣು.

"ಹಿಂದಿನ ಆ ಮೂರು ತಿರುಪು ಮುಟ್ಟಬೇಡಿ!" ಎಂದು ಕೂಗಿಬಿಟ್ಟೆ.

"ಚಿಕ್ಕಮ್ಮ," ಶಾರ್‌ಶೆನ್ ತಲೆಯೆತ್ತದೆ ಅಂದರು, "ನೀವು ಏಳು ತಲೆಮಾರು ಹೇಳಿದ್ರಿ, ನಾನು ತಪ್ಪು ಹುಡುಕಿದ್ನಾ? ತಿರುಪು ನಂಗೆ ಬಿಡಿ."

ಒಂದು ಗಂಟೆ ಐವತ್ತು ನಿಮಿಷ ಹಿಡಿಯಿತು. ಗಾಳಿ ಬಂದಾಗ ಬೆಗಿಮಾಯ್ ತನ್ನ ಜಾಕೆಟ್ ಬಿಚ್ಚಿ ಮರೆ ಹಿಡಿದಳು. ಅಕ್ಕ ನೊಣ ಓಡಿಸಿದರು. ಕೊನೆಯ ತಿರುಪು ಕೂತು ಗುಂಡಿ ಒತ್ತಿದಾಗ ಕೊಳವೆ ಸದ್ದಿಲ್ಲದೆ ಹೊರಗೆ ಬಂತು. ನಾನು ಮತ್ತೆ ಹಾಳೆ ಬಿಡಿಸಿದೆ, ಒಂದು ಮೀಟರು ಅಳೆದೆ, ತೆಗೆದೆ, ಎಣಿಸಿದೆ. ನಂಬಿಕೆ ಬರದೆ ಇನ್ನೆರಡು ಸಲ ಎಣಿಸಿದೆ.

"ಎಷ್ಟೇ?" ಅಂದರು ಅಕ್ಕ.

"ಇಪ್ಪತ್ತೊಂದು."

ಅದು ಒಳ್ಳೆಯದೋ ಕೆಟ್ಟದ್ದೋ ಯಾರಿಗೂ ಗೊತ್ತಿರಲಿಲ್ಲ, ಆದರೂ ನನ್ನ ಮುಖ ನೋಡಿ ಸುತ್ತ ನಿಂತವರು ಚಪ್ಪಾಳೆ ತಟ್ಟಿದರು. ಚಪ್ಪಾಳೆ ಮುಗಿಯುವ ಮೊದಲೇ ನಾನು ಚೌಕಾಸಿಯ ಎಲ್ಲ ಧರ್ಮವನ್ನೂ ಮುರಿದೆ: "ಎಷ್ಟು ಹೇಳ್ತೀರೋ ಅಷ್ಟು ಕೊಡ್ತೀನಿ."

ಅಕ್ಕ, ತಲೆಯ ಮೇಲಿಲ್ಲದ ಟೋಪಿಯನ್ನು ಕಣ್ಣಿಗೆ ಎಳೆದುಕೊಳ್ಳುವವರ ಹಾಗೆ, ಕೈಯಿಂದ ಕಣ್ಣು ಮುಚ್ಚಿಕೊಂಡರು. ಆದರೆ ಶಾರ್‌ಶೆನ್ ಬೆಲೆ ಹೇಳಲಿಲ್ಲ. ಗಡ್ಡ ಕೆರೆದುಕೊಂಡರು.

"ಎಡವಟ್ಟಾಯ್ತಲ್ಲ ಚಿಕ್ಕಮ್ಮ. ಈ ಕಣ್ಣನ್ನ ನಾನು ಸೋದರಳಿಯನ ಹಕ್ಕಲ್ಲಿ ಹಿಡಿದಿದ್ದು. ಅಮ್ಮನ ತವರಿಂದ ಹಿಡಿದದ್ದನ್ನ ಮಾರಬಾರದು. ಮಾರಿದ್ರೆ ಕೊಟ್ಟಿಗೆ ಬರಿದಾಗುತ್ತೆ ಅಂತ ನಮ್ಮಮ್ಮ ಸಾಯೋವರೆಗೂ ಹೇಳ್ತಿದ್ಲು. ಬಿಚ್ಚೋ ಆತುರದಲ್ಲಿ ಮರೆತೇಬಿಟ್ಟೆ."

"ಮಾರಬೇಡಿ, ವಾಪಸು ಕೊಟ್ಬಿಡಿ," ಅಂದಳು ಬೆಗಿಮಾಯ್.

"ಕೊಟ್ಟಿದ್ದನ್ನ ವಾಪಸು ತಗೊಂಡ್ರೆ ಇವಳ ತವರಿಗೇ ಅವಮಾನ," ಅಂದರು ಅಕ್ಕ. "ಜುಮ್‌ಗಾಲಿನವರು ಸತ್ತ ಡಬ್ಬಿ ಕೊಟ್ಟು ಜೀವ ಬಂದ್ಮೇಲೆ ಕಿತ್ಕೊಂಡ್ರು ಅಂತ ಮೂರು ಕಣಿವೇಲಿ ಹಾಡು ಕಟ್ತಾರೆ."

ಮಾರುವಂತಿಲ್ಲ, ಮರಳಿಸುವಂತಿಲ್ಲ. ನನ್ನ ಕಣ್ಣು ನನ್ನೆದುರಿಗೇ ಕಂಬಳಿಯ ಮೇಲೆ ಮಿನುಗುತ್ತಿತ್ತು. ಇಂಥ ಸಮೀಕರಣವನ್ನು ನಾನು ಎಲ್ಲೂ ಬಿಡಿಸಿರಲಿಲ್ಲ.

"ಹಾಗಾದ್ರೆ ಬಾಡಿಗೆಗೆ ಕೊಡಿ," ಅಂದಳು ಹುಡುಗಿ. "ಮದುವೆ ಡ್ರೆಸ್ಸು ಕೊಡ್ತಾರಲ್ಲ, ಹಾಗೆ."

"ಬಾಡಿಗೆ? ಚಿಕ್ಕಮ್ಮನ ಹತ್ರ?" ಶಾರ್‌ಶೆನ್‌ಗೆ ಸಿಟ್ಟೇ ಬಂತು. ಆದರೆ ಸಿಟ್ಟು ಅರ್ಧ ದಾರಿಯಲ್ಲಿ ನಿಂತಿತು. ಕಣ್ಣು ಅರಳಿತು. "ಬಾಡಿಗೆ ಯಾಕೆ? ಸಾಆನ್!"

ಅಕ್ಕ ತೊಡೆ ತಟ್ಟಿದರು. "ಸಾಆನ್! ಅಯ್ಯೋ ನನ್ನ ತಲೇಗೆ ಯಾಕೆ ಬರ್ಲಿಲ್ಲ!"

ಕರೆಯುವ ಹಸುವನ್ನೋ ಕುದುರೆಯನ್ನೋ ಬಂಧುಗಳ ಮನೆಗೆ ಬಿಡುವುದಕ್ಕೆ ಹಾಗನ್ನುತ್ತಾರೆ. ಹಸು ಕೊಟ್ಟವನದೇ. ಮೇಯಿಸುವವರು ಹಾಲು ಕರೆದುಕೊಂಡು ಕುಡಿಯಬಹುದು, ಚೆನ್ನಾಗಿ ನೋಡಿಕೊಳ್ಳಬೇಕು, ವರ್ಷಕ್ಕೊಮ್ಮೆ ಸ್ವಲ್ಪ ಬೆಣ್ಣೆ ತಂದುಕೊಡಬೇಕು. ನನ್ನ ಅಜ್ಜಿಯ ಕಾಲದಲ್ಲಿ ಅರ್ಧ ಜುಮ್‌ಗಾಲ್ ಹೀಗೇ ಬದುಕಿದ್ದು.

"ಹಸು ನಂದು, ಹಾಲು ನಿಮ್ದು," ಅಂದರು ಶಾರ್‌ಶೆನ್. "ಎಷ್ಟು ವರ್ಷ ಬೇಕಾದ್ರೂ ಕರ್ಕೊಳ್ಳಿ. ವರ್ಷಕ್ಕೊಂದು ಫೋಟೊ ಪ್ರಿಂಟ್ ಹಾಕ್ಸಿ ತಂದ್ಕೊಡಿ, ಅದೇ ಬೆಣ್ಣೆ. ಕುಮಿಸ್ ಹತ್ರ ಮಾತ್ರ ಕಟ್ಟಬೇಡಿ."

"ಮತ್ತೆ ಆ ಮಿದುಳು?" ನಾನು ಕೇಳಿದೆ. "ಪೆಟ್ಟಿಗೇಲಿದ್ದ ಡಬ್ಬಿ ನೀವು ಹಕ್ಕಲ್ಲಿ ಹಿಡಿದದ್ದಲ್ಲ. ಅದು ಅಂಗಡಿ ಸಾಮಾನು. ಅದನ್ನ ಕೊಂಡ್ಕೋತೀನಿ."

"ಅದು ಸರಿ. ಎಂಟುನೂರು ಸೋಮ್ ಕೊಡಿ."

"ಮರಳು ತುಂಬಿದ್ದಕ್ಕೆ ಎಂಟುನೂರಾ?" ಅಕ್ಕನಿಗೆ ಕೊನೆಗೂ ಕೆಲಸ ಸಿಕ್ಕಿತ್ತು. "ಮರಳಿನ ತೂಕಾನೂ ಸೇರಿಸಿ ಮಾರ್ತಿದೀರಾ ಅಳಿಯಂದ್ರೇ? ಐನೂರು."

"ಏಳುನೂರು, ಆ ಉಳಿದ ಬೊರ್ಸೊಕ್ ಸೇರಿಸಿ."

"ಏಳುನೂರು ಸರಿ. ಬೊರ್ಸೊಕ್ ಮೂರನೇ ಹಕ್ಕಿನ ಲೆಕ್ಕಕ್ಕೆ ಹೋಗುತ್ತೆ. ಹಕ್ಕು ಖತಮ್. ಒಪ್ಪಿಗೇನಾ?"

"ಒಪ್ಪಿಗೆ!" ಎಂದು ಅವರು ಕೈ ಚಾಚಿದರು. ಅಕ್ಕ ಅದನ್ನು ಹಿಡಿದು ಭುಜ ಕಳಚುವಷ್ಟು ಕುಲುಕಿದರು. ಬೆಗಿಮಾಯ್ ತನ್ನ ಹೊಸ ಹಳೆಯ ಕ್ಯಾಮೆರಾದಿಂದ ನಮ್ಮೆಲ್ಲರದೊಂದು ಫೋಟೊ ತೆಗೆದಳು. ಎಲ್ಲರ ಮುಖವೂ ಬೆಳ್ಳಗೆ ಬಂದಿತ್ತು. ಅವಳಿಗೆ ಬಹಳ ಸಂತೋಷವಾಯಿತು.

ಮನೆಗೆ ಬರುವ ವ್ಯಾನಿನಲ್ಲಿ ಅಕ್ಕ ಕಿಟಕಿಯಿಂದ ನನ್ನ ಕಡೆ ತಿರುಗಿದರು. ಆಮೇಲೆ ಅಂದರು: "ಒಟ್ಟಿನಲ್ಲಿ ನೀನು ಕೊಂಡಿದ್ದು ಏನು?"

"ಮಿದುಳು."

"ಅದೊಂದು ನಿನ್ನ ಹತ್ರ ಮೊದ್ಲೇ ಇದ್ದಿದ್ರೆ ಮುಚ್ಚಳ ಸಡಿಲ ಬಿಡ್ತಿದ್ದೆ," ಅಂದು ಮತ್ತೆ ಕಿಟಕಿಯ ಕಡೆ ತಿರುಗಿದರು.

ಭಾನುವಾರ ಏಳಕ್ಕೆ ಜೀಪು ಹೊರಟಿತು. ಸೋಮವಾರ ಇಡೀ ದಿನ ಮೋಡ. ಗುಡಾರದಲ್ಲಿ ಕೂತು ಬ್ಯಾಟರಿಯನ್ನು ಕಂಕುಳಲ್ಲಿ ಬೆಚ್ಚಗೆ ಇಟ್ಟುಕೊಂಡಿದ್ದೆ. ಮಂಗಳವಾರ ಬೆಳಕು ಹರಿಯುವಾಗ ಆಕಾಶ ತೊಳೆದಂತಿತ್ತು. ಬಂಡೆಯ ಮೇಲೆ ಹತ್ತಿ ನಿಂತೆ, ಉಸಿರು ಹಿಡಿದೆ, ಒತ್ತಿದೆ. ಹನ್ನೊಂದು ಗಂಟೆ ಹತ್ತು ನಿಮಿಷಕ್ಕೆ ಹದಿನಾರನೆಯ ಫೋಟೊ ಬಂತು. ಮೂರು ದಿನದ ನಂತರ ಅಲ್ಲಿ ಮೊದಲ ಹಿಮ ಬಿದ್ದು ಅಂಚು ಮುಚ್ಚಿಹೋಯಿತು.

ಆಫೀಸಿಗೆ ಬಂದು ನಿರ್ದೇಶಕರ ಎದುರಿಗೇ ಎಣಿಸಿದೆ. ಅವರೂ ಕನ್ನಡಕ ಹಾಕಿಕೊಂಡು ಒಂದು ಸಲ ಎಣಿಸಿ, ತಾವೇ ಪೆನ್ನು ತೆಗೆದು ನಕಾಶೆಯ ಮೇಲೆ ಹದಿನಾರನೆಯ ಬಿಂದು ಇಟ್ಟರು. "ಮುಂದಿನ ಆಗಸ್ಟಿಗೆ ಜೀಪು ಈಗಲೇ ಬರೆದಿಟ್ಕೊಳ್ಳಿ," ಅಂದರು. ನಾನು ದಾಖಲೆ ಪುಸ್ತಕದಲ್ಲಿ ತಾರೀಖು ಬರೆದು, ಪಕ್ಕದಲ್ಲಿ ಈ ವರ್ಷ ಬೋಜ್-ತೋರ್ ಹಿಂದೆ ಸರಿದ ದೂರ ತುಂಬಿದೆ: 8.7 ಮೀಟರ್, ದೋಷದ ಮಿತಿ ಎಂದಿನಂತೆ 0.2.